ಹಳೆಯ ಲೈಬ್ರರಿ, ಹೊಸ ಪ್ರೋಗ್ರಾಮು ಮತ್ತು ‘ಕನ್ನಡ’ ಎಂಬ ಪದದ ಉದ್ದ

ಗಣಕ ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ವಿದ್ಯಾರ್ಥಿಯೇ ಬರೆಯುತ್ತಾನೆ. ಕೆಲಸದ ಲೋಕದಲ್ಲಿ ಅಂಥ ಸಂದರ್ಭ ವಿರಳ. ಮುದ್ರಣಯಂತ್ರವನ್ನು ನಡೆಸುವ, ತಕ್ಕಡಿಯ ತೂಕವನ್ನು ಓದುವ, ಬೆರಳಚ್ಚನ್ನು ಹೋಲಿಸುವ, ಕಡತಗಳನ್ನು ಕುಗ್ಗಿಸಿ ಕಟ್ಟಿಡುವ ಕೆಲಸಗಳನ್ನು ಯಾರೋ ಹಿಂದೆಯೇ ಸಿ ಭಾಷೆಯಲ್ಲಿ ಬರೆದಿಟ್ಟಿರುತ್ತಾರೆ. ಅವು ಅನೇಕ ವರ್ಷ ನಡೆದು, ತಪ್ಪುಗಳು ತಿದ್ದಲ್ಪಟ್ಟು, ನಂಬಿಕೆಗೆ ಅರ್ಹವಾಗಿರುತ್ತವೆ. ಹೊಸದಾಗಿ ಬರೆಯುವವನು ಅವುಗಳನ್ನು ಎಸೆಯುವುದಿಲ್ಲ, ಕರೆದು ಕೆಲಸ ಮಾಡಿಸಿಕೊಳ್ಳುತ್ತಾನೆ. ಹೀಗೆ ಕರೆಯುವಾಗ ಏನಾಗುತ್ತದೆ ಎಂಬುದು ಈ ಪಾಠದ ವಿಷಯ. ಇದು ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಗಣಕ ವಿಜ್ಞಾನವನ್ನು ಬೋಧಿಸುವ ಶಿಕ್ಷಕರಿಗೆ ಪೂರಕ ಸಾಮಗ್ರಿ. ಆದರೆ ಕನ್ನಡ ಭಾಷಾ ಶಿಕ್ಷಕರೂ ಇದನ್ನು ಓದಬೇಕೆಂಬ ಅಪೇಕ್ಷೆಯಿದೆ. ಹೊಸ ಪ್ರೋಗ್ರಾಮು ಹಳೆಯ ಲೈಬ್ರರಿಯನ್ನು ಕರೆಯುವ ಎಡೆಯಲ್ಲಿಯೇ ಕನ್ನಡದ ಅಕ್ಷರಗಳು ಹೆಚ್ಚಾಗಿ ಕಳೆದುಹೋಗುತ್ತವೆ. ವಿದ್ಯಾರ್ಥಿಯ ಹೆಸರು ಇರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮುದ್ರಣವಾಗಿ ಬಂದದ್ದನ್ನು ಕಂಡ ಶಿಕ್ಷಕರಿಗೆ ಅದರ ಕಾರಣ ಇಲ್ಲಿ ದೊರೆಯುತ್ತದೆ.

ಲೈಬ್ರರಿ ಎಂದರೆ ಇಲ್ಲಿ ಪುಸ್ತಕಗಳ ಭಂಡಾರವಲ್ಲ. ಬೇರೆ ಪ್ರೋಗ್ರಾಮುಗಳು ಕರೆದು ಬಳಸಲೆಂದು ಒಂದು ಕಡತದಲ್ಲಿ ಸೇರಿಸಿಟ್ಟ ಫಂಕ್ಷನ್ನುಗಳ ಗುಂಪು.

ಎರಡು ಆಡಳಿತಗಳು

ಸಿ ಭಾಷೆಯಲ್ಲಿ ಬರೆದ ಲೈಬ್ರರಿ ನೇರವಾಗಿ ಯಂತ್ರದ ಆಜ್ಞೆಗಳಾಗಿ ಪರಿವರ್ತಿತವಾಗಿರುತ್ತದೆ. ಇದನ್ನು ನೇಟಿವ್ ಲೈಬ್ರರಿ ಎನ್ನುತ್ತಾರೆ. ಅದಕ್ಕೆ ಮೆಮೊರಿ ಎಂದರೆ ಬೈಟುಗಳ ಉದ್ದನೆಯ ಸಾಲು ಮಾತ್ರ. ಯಾವ ಬೈಟು ಸಂಖ್ಯೆ, ಯಾವುದು ಅಕ್ಷರ, ಯಾವ ಜಾಗ ಯಾರದು ಎಂಬುದನ್ನೆಲ್ಲ ಪ್ರೋಗ್ರಾಮು ಬರೆದವನು ನೆನಪಿಟ್ಟುಕೊಳ್ಳಬೇಕು. ತಪ್ಪಿದರೆ ತಡೆಯುವವರಿಲ್ಲ.

2002ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಬಿಡುಗಡೆ ಮಾಡಿದ ಡಾಟ್ ನೆಟ್ ಫ್ರೇಮ್‌ವರ್ಕಿನ ಬಗೆ ಬೇರೆ. ಅದರ ಮೇಲೆ ಸಿ ಶಾರ್ಪ್ ಮೊದಲಾದ ಭಾಷೆಗಳಲ್ಲಿ ಬರೆದ ಪ್ರೋಗ್ರಾಮು ಒಂದು ಮೇಲ್ವಿಚಾರಣಾ ವ್ಯವಸ್ಥೆಯ ಕೈಕೆಳಗೆ ನಡೆಯುತ್ತದೆ. ವಸ್ತುವಿಗೆ ಜಾಗ ಕೊಡುವುದು, ಅದರ ಜಾತಿಯನ್ನು ಪರೀಕ್ಷಿಸುವುದು, ಬೇಡವಾದಾಗ ತೆಗೆದುಹಾಕುವುದು, ಜಾಗ ಬಿಗಿಯಾದಾಗ ವಸ್ತುಗಳನ್ನು ಸರಿಸಿ ಒತ್ತಾಗಿ ಇಡುವುದು, ಇವೆಲ್ಲ ಆ ವ್ಯವಸ್ಥೆಯ ಹೊಣೆ. ಹೀಗೆ ಮೇಲ್ವಿಚಾರಣೆಯಲ್ಲಿ ನಡೆಯುವ ಪ್ರೋಗ್ರಾಮಿಗೆ ಮ್ಯಾನೇಜ್ಡ್ ಕೋಡ್ ಎಂಬ ಹೆಸರಿದೆ. ಜಾವಾ ಮತ್ತು ಪೈಥಾನ್ ಕೂಡ ಸ್ಥೂಲವಾಗಿ ಇದೇ ಪಂಗಡಕ್ಕೆ ಸೇರುತ್ತವೆ.

ಮ್ಯಾನೇಜ್ಡ್ ಕೋಡು ನೇಟಿವ್ ಲೈಬ್ರರಿಯ ಫಂಕ್ಷನ್ನನ್ನು ಕರೆದಾಗ ಒಂದು ಗಡಿಯನ್ನು ದಾಟಬೇಕಾಗುತ್ತದೆ. ಈಚೆಯ ಸ್ಟ್ರಿಂಗ್ ಒಂದು ವಸ್ತು. ತನ್ನ ಉದ್ದ ಅದಕ್ಕೆ ಗೊತ್ತು. ಆಚೆಯ ಸ್ಟ್ರಿಂಗ್ ಬೈಟುಗಳ ಸಾಲು. ಸೊನ್ನೆಯ ಬೈಟು ಬಂದಲ್ಲಿ ಅದು ಮುಗಿಯಿತು ಎಂಬುದಷ್ಟೇ ನಿಯಮ. ಈಚೆಯದನ್ನು ಆಚೆಗೆ ತಿಳಿಯುವ ರೂಪಕ್ಕೆ ಬದಲಿಸಿ ಕೊಟ್ಟು, ಉತ್ತರವನ್ನು ಮತ್ತೆ ಈಚೆಯ ರೂಪಕ್ಕೆ ತರುವ ಕೆಲಸಕ್ಕೆ ಮಾರ್ಷಲಿಂಗ್ ಎಂದು ಹೆಸರು. ಅದನ್ನು ಮಾಡುವ ಮಾರ್ಷಲರ್ ಒಬ್ಬ ದುಭಾಷಿ.

ದುಭಾಷಿಯ ಕೆಲಸ ಎಷ್ಟು ಸೂಕ್ಷ್ಮವೆಂಬುದನ್ನು ಗಡಿನಾಡಿನ ಶಿಕ್ಷಕರಿಗೆ ವಿವರಿಸಬೇಕಾಗಿಲ್ಲ. ಹೊಸೂರು ಅಥವಾ ತಾಳವಾಡಿಯ ಶಾಲೆಯಲ್ಲಿ ‘ಗಂಗಾ’ ಎಂಬ ಹುಡುಗಿಯ ಹೆಸರನ್ನು ತಮಿಳು ಲಿಪಿಯಲ್ಲಿ ಬರೆದಾಗ ಮೊದಲ ಅಕ್ಷರಕ್ಕೆ ಕ–ಗ ಎರಡಕ್ಕೂ ಸಲ್ಲುವ ಒಂದೇ ಲಿಪಿಚಿಹ್ನೆ ಬರುತ್ತದೆ. ತಮಿಳು ಓದುಗನಿಗೆ ಅದರಿಂದ ತೊಂದರೆಯಿಲ್ಲ. ಆದರೆ ಆ ದಾಖಲೆಯಿಂದ ಮಾತ್ರ ನೋಡಿ ಮತ್ತೆ ಕನ್ನಡಕ್ಕೆ ಬರೆಯುವವನು ‘ಕಂಗಾ’ ಎಂದೂ ಬರೆದಾನು. ಇದರಲ್ಲಿ ಯಾವ ಲಿಪಿಯ ದೋಷವೂ ಇಲ್ಲ. ಒಂದು ವ್ಯವಸ್ಥೆಯಲ್ಲಿರುವ ಭೇದ ಇನ್ನೊಂದರಲ್ಲಿಲ್ಲ, ದಾಟುವಾಗ ಆ ಭೇದ ಅಳಿಯಿತು, ಅಷ್ಟೆ. ಒಮ್ಮೆ ಅಳಿದದ್ದನ್ನು ಆಚೆಯ ದಾಖಲೆಯಿಂದ ಮರಳಿ ಪಡೆಯಲಾಗದು. ಗಣಕದಲ್ಲಿ ನಡೆಯುವುದೂ ಇದೇ, ಇನ್ನೂ ಒರಟಾಗಿ.

ಘೋಷಣೆ ಎಂಬ ಒಪ್ಪಂದ

ಸಿ ಶಾರ್ಪಿನಲ್ಲಿ ನೇಟಿವ್ ಫಂಕ್ಷನ್ನನ್ನು ಕರೆಯುವ ವ್ಯವಸ್ಥೆಗೆ ಪ್ಲಾಟ್‌ಫಾರ್ಮ್ ಇನ್ವೋಕ್, ಸಂಕ್ಷೇಪವಾಗಿ ಪಿ ಇನ್ವೋಕ್, ಎಂಬ ಹೆಸರಿದೆ. ಅದಕ್ಕಾಗಿ ಪ್ರೋಗ್ರಾಮಿನಲ್ಲಿ ಒಂದು ಘೋಷಣೆಯನ್ನು ಬರೆಯಬೇಕು. ಡಿಎಲ್‌ಎಲ್ ಇಂಪೋರ್ಟ್ ಎಂಬ ಗುರುತಿನ ಕೆಳಗೆ ಲೈಬ್ರರಿಯ ಕಡತದ ಹೆಸರು, ಫಂಕ್ಷನ್ನಿನ ಹೆಸರು, ಅದು ಕೇಳುವ ಮೌಲ್ಯಗಳ ಜಾತಿ, ಅದು ಹಿಂದಿರುಗಿಸುವ ಮೌಲ್ಯದ ಜಾತಿ, ಇಷ್ಟನ್ನು ಹೇಳಬೇಕು. ಫಂಕ್ಷನ್ನಿನ ಒಡಲು ಅಲ್ಲಿ ಇರುವುದಿಲ್ಲ.

ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕಾದ ಸಂಗತಿ ಇಲ್ಲಿದೆ. ಈ ಘೋಷಣೆ ಸತ್ಯವೇ ಸುಳ್ಳೇ ಎಂಬುದನ್ನು ಪರೀಕ್ಷಿಸುವವರು ಯಾರೂ ಇಲ್ಲ. ಸಾಮಾನ್ಯ ಸಿ ಶಾರ್ಪ್ ಫಂಕ್ಷನ್ನಿಗೆ ಸಂಖ್ಯೆಯ ಬದಲು ಸ್ಟ್ರಿಂಗ್ ಕೊಟ್ಟರೆ ಕಂಪೈಲರು ಅಲ್ಲಿಯೇ ತಡೆಯುತ್ತದೆ. ನೇಟಿವ್ ಲೈಬ್ರರಿಯ ಕಡತದಲ್ಲಾದರೋ ಫಂಕ್ಷನ್ನುಗಳ ಹೆಸರುಗಳಷ್ಟೇ ಇರುತ್ತವೆ. ಯಾವ ಫಂಕ್ಷನ್ನು ಎಂಥ ಮೌಲ್ಯಗಳನ್ನು ಕೇಳುತ್ತದೆ ಎಂಬ ವಿವರ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಘೋಷಣೆಯಲ್ಲಿ ಬರೆದದ್ದನ್ನು ಮೇಲ್ವಿಚಾರಣಾ ವ್ಯವಸ್ಥೆ ಹಾಗೆಯೇ ನಂಬುತ್ತದೆ. ಹೆಸರು ತಪ್ಪಿದ್ದರೆ ಫಂಕ್ಷನ್ ಸಿಗಲಿಲ್ಲವೆಂಬ ಸೂಚನೆ ಬರುತ್ತದೆ, ಕಡತ ಇಲ್ಲದಿದ್ದರೆ ಕಡತ ಇಲ್ಲವೆಂಬ ಸೂಚನೆ ಬರುತ್ತದೆ. ಜಾತಿ ತಪ್ಪಿದ್ದರೆ ಮಾತ್ರ ಏನು ಬೇಕಾದರೂ ಆಗಬಹುದು: ಪ್ರೋಗ್ರಾಮು ಕುಸಿಯಬಹುದು, ತಪ್ಪು ಉತ್ತರ ಬರಬಹುದು, ಕೆಲವೊಮ್ಮೆ ಸರಿಯಂತೆ ತೋರುವ ಉತ್ತರವೂ ಬರಬಹುದು. ಮೂರನೆಯದೇ ಹೆಚ್ಚು ಅಪಾಯಕಾರಿ.

‘ಕನ್ನಡ’ ಎಷ್ಟು ಉದ್ದ?

ಒಂದೇ ಒಂದು ಹಳೆಯ ಫಂಕ್ಷನ್ನನ್ನು ಹಿಡಿದು ಇದನ್ನು ತೋರಿಸಬಹುದು. ಸಿ ಭಾಷೆಯ ಮೂಲ ಲೈಬ್ರರಿಯಲ್ಲಿ ಸ್ಟ್ರ್‌ಲೆನ್ ಎಂಬುದೊಂದಿದೆ. ಸಿ ಭಾಷೆ ಕಲಿತ ಪ್ರತಿಯೊಬ್ಬರೂ ಅದನ್ನು ಬಲ್ಲರು. ಅದು ಮಾಡುವ ಕೆಲಸ ಇಷ್ಟೆ: ಕೊಟ್ಟ ವಿಳಾಸದಿಂದ ಆರಂಭಿಸಿ ಸೊನ್ನೆಯ ಬೈಟು ಸಿಗುವವರೆಗೆ ಬೈಟುಗಳನ್ನು ಎಣಿಸಿ, ಎಣಿಕೆಯನ್ನು ಹೇಳುವುದು. ಅದಕ್ಕೆ ಕನ್ನಡ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಇಲ್ಲಿ ಉಪಕಾರ, ಏಕೆಂದರೆ ಗಡಿಯಾಚೆಗೆ ನಿಜವಾಗಿ ಏನು ತಲಪಿತು ಎಂಬುದನ್ನು ಅದು ಯಾವ ದಾಕ್ಷಿಣ್ಯವೂ ಇಲ್ಲದೆ ಹೇಳಿಬಿಡುತ್ತದೆ.

ಕೊಡುವ ಪದ ‘ಕನ್ನಡ’. ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ಮೂರು ಅಕ್ಷರ ಎನ್ನುತ್ತಾರೆ: ಕ, ನ್ನ, ಡ. ವ್ಯಾಕರಣದ ದೃಷ್ಟಿಯಿಂದ ಅದು ಸರಿ. ಯೂನಿಕೋಡಿನಲ್ಲಿ ಒತ್ತಕ್ಷರಕ್ಕೆ ಬೇರೆ ಸಂಕೇತವಿಲ್ಲ. ನ, ಹಲಂತ ಚಿಹ್ನೆ, ಮತ್ತೊಂದು ನ ಎಂದು ಅದನ್ನು ಬಿಡಿಸಿಡಲಾಗುತ್ತದೆ. ಹೀಗಾಗಿ ಪದದಲ್ಲಿ ಐದು ಸಂಕೇತಗಳಿವೆ: ಕ, ನ, ಹಲಂತ, ನ, ಡ. ಸಿ ಶಾರ್ಪಿನಲ್ಲಿಯೂ ಪೈಥಾನಿನಲ್ಲಿಯೂ ಪದದ ಉದ್ದ ಕೇಳಿದರೆ 5 ಎಂಬ ಉತ್ತರ ಬರುತ್ತದೆ. ಡಾಟ್ ನೆಟ್ ಇವುಗಳನ್ನು ಒಂದೊಂದಕ್ಕೆ ಎರಡು ಬೈಟಿನಂತೆ, ಯುಟಿಎಫ್ 16 ಎಂಬ ರೂಪದಲ್ಲಿ, ಒಟ್ಟು 10 ಬೈಟುಗಳಾಗಿ ಇಟ್ಟುಕೊಳ್ಳುತ್ತದೆ. ಜಾಲದಲ್ಲಿಯೂ ಲಿನಕ್ಸಿನಲ್ಲಿಯೂ ರೂಢಿಯಲ್ಲಿರುವ ಯುಟಿಎಫ್ 8 ರೂಪದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೆ ಮೂರು ಬೈಟುಗಳು ಬೇಕು. ಆಗ ಪದ 15 ಬೈಟುಗಳಷ್ಟಾಗುತ್ತದೆ.

ಇನ್ನು ಸಿ ಶಾರ್ಪಿನಿಂದ ಸ್ಟ್ರ್‌ಲೆನ್ನನ್ನು ಕರೆಯುವುದು. ಘೋಷಣೆಯಲ್ಲಿ ಸ್ಟ್ರಿಂಗಿನ ರೂಪ ಯಾವುದೆಂದು ಏನನ್ನೂ ಹೇಳದೆ ಬಿಟ್ಟರೆ, ಸಿ ಶಾರ್ಪಿನ ಡಿಎಲ್‌ಎಲ್ ಇಂಪೋರ್ಟ್ ತಾನಾಗಿ ಹಿಡಿಯುವುದು ಆನ್ಸಿ ಎಂಬ ರೂಪವನ್ನು. ವಿಂಡೋಸಿನಲ್ಲಿ ಆನ್ಸಿ ಎಂದರೆ ಆ ಗಣಕದ ಪ್ರಾದೇಶಿಕ ಸಂಕೇತಪಟ್ಟಿ. ನಮ್ಮ ದೇಶದಲ್ಲಿ ಇಂಗ್ಲಿಷ್ ವ್ಯವಸ್ಥೆಯಲ್ಲಿ ನಡೆಯುವ ಗಣಕಗಳಲ್ಲಿ ಅದು ಸಾಮಾನ್ಯವಾಗಿ ಪಶ್ಚಿಮ ಯೂರೋಪಿನ ಲಿಪಿಗಳಿಗಾಗಿ ಮಾಡಿದ 1252ನೆಯ ಪಟ್ಟಿ. ಅದರಲ್ಲಿ ಕನ್ನಡವಿಲ್ಲ. ಮಾತ್ರವಲ್ಲ, ಕನ್ನಡಕ್ಕೆಂದು ವಿಂಡೋಸಿನಲ್ಲಿ ಆನ್ಸಿ ಪಟ್ಟಿಯೇ ಇಲ್ಲ. ಭಾರತೀಯ ಲಿಪಿಗಳಿಗೆ ವಿಂಡೋಸ್ ಯೂನಿಕೋಡಿನ ಮೂಲಕವೇ ನೆಲೆ ಕೊಟ್ಟಿತು. ಪಟ್ಟಿಯಲ್ಲಿ ಇಲ್ಲದ ಸಂಕೇತ ಬಂದಾಗ ಮಾರ್ಷಲರ್ ಅದರ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ಮುಂದೆ ಹೋಗುತ್ತದೆ. ಯಾವ ಎಚ್ಚರಿಕೆಯೂ ಇಲ್ಲ, ಯಾವ ದೂರೂ ಇಲ್ಲ. ಐದು ಸಂಕೇತಗಳಿಗೆ ಐದು ಪ್ರಶ್ನಾರ್ಥಕ ಚಿಹ್ನೆಗಳು. ಸ್ಟ್ರ್‌ಲೆನ್ ಅವನ್ನು ಎಣಿಸಿ 5 ಎನ್ನುತ್ತದೆ.

ಇದೇ ಈ ಪಾಠದ ಮರ್ಮ. ಯೂನಿಕೋಡಿನ ಲೆಕ್ಕದಲ್ಲಿ ಪದದ ಉದ್ದ 5, ಹಳೆಯ ಫಂಕ್ಷನ್ ಕೊಟ್ಟ ಉತ್ತರವೂ 5. ವಿದ್ಯಾರ್ಥಿ ಹಿಗ್ಗುತ್ತಾನೆ, ಪ್ರೋಗ್ರಾಮು ಸರಿಯಾಗಿದೆ ಎನ್ನುತ್ತಾನೆ. ಆದರೆ ಎಣಿಕೆಯಾದದ್ದು ‘ಕನ್ನಡ’ವಲ್ಲ; ಆ ಪದ ಗಡಿಯಲ್ಲಿಯೇ ಅಳಿದುಹೋಯಿತು. ‘ಮರಾಠಿ’ ಎಂದು ಕೊಟ್ಟಿದ್ದರೂ ಆಚೆಗೆ ತಲಪುತ್ತಿದ್ದದ್ದು ಅವೇ ಐದು ಚಿಹ್ನೆಗಳು: ಮ, ರ, ಆಕಾರದ ಕಾಗುಣಿತ ಚಿಹ್ನೆ, ಠ, ಇಕಾರದ ಚಿಹ್ನೆ. ಎರಡು ಬೇರೆ ಪದಗಳು ಒಂದೇ ಆದವು. ವಿದ್ಯಾರ್ಥಿಗಳ ಪಟ್ಟಿಯನ್ನು ಹೀಗೆ ದಾಟಿಸಿ ಹಳೆಯ ಲೈಬ್ರರಿಯಿಂದ ಹುಡುಕಿಸಿದರೆ ಸಮಾನ ಉದ್ದದ ಹೆಸರುಗಳೆಲ್ಲ ಒಬ್ಬನೇ ವಿದ್ಯಾರ್ಥಿಯಾಗುತ್ತವೆ.

ಇದೇ ಪ್ರಯೋಗವನ್ನು ಇಂಗ್ಲಿಷ್ ಲಿಪಿಯ ‘ಸ್ಕೂಲ್’ ಪದದಿಂದ ಮಾಡಿದರೆ ಆರು ಅಕ್ಷರ, ಆರು ಬೈಟು, ಉತ್ತರ 6. ಆನ್ಸಿ ಎಂದರೂ ಯುಟಿಎಫ್ 8 ಎಂದರೂ ಅದೇ ಉತ್ತರ, ಪದವೂ ಸುರಕ್ಷಿತ. ಇಂಗ್ಲಿಷಿನಿಂದ ಮಾತ್ರ ಪರೀಕ್ಷಿಸಿದವನಿಗೆ ಘೋಷಣೆಯ ದೋಷ ಎಂದೂ ಕಾಣುವುದಿಲ್ಲ. ಪ್ರೋಗ್ರಾಮು ವರ್ಷಗಟ್ಟಲೆ ನಡೆದು, ಮೊದಲ ಕನ್ನಡ ಹೆಸರು ಬಂದ ದಿನ ಮುರಿಯುತ್ತದೆ. ಆಗ ದೋಷವನ್ನು ಕನ್ನಡದ ತಲೆಗೆ ಕಟ್ಟುವುದು ರೂಢಿ. ವಾಸ್ತವವಾಗಿ ಕನ್ನಡದ ಪದವೇ ಉತ್ತಮ ಪರೀಕ್ಷಾ ಸಾಮಗ್ರಿ. ಕನ್ನಡ ಮಾಧ್ಯಮದ ವಿದ್ಯಾರ್ಥಿಯ ಬಳಿ ಅದು ಹುಟ್ಟಿನಿಂದಲೇ ಇದೆ.

ಘೋಷಣೆಯಲ್ಲಿ ಯೂನಿಕೋಡ್ ಎಂದು ಬರೆದರೆ ಮಾರ್ಷಲರ್ ಯುಟಿಎಫ್ 16 ರೂಪದ ಬೈಟುಗಳನ್ನು ಹಾಗೆಯೇ ತೋರಿಸುತ್ತದೆ. ಸ್ಟ್ರ್‌ಲೆನ್ 10 ಎನ್ನುತ್ತದೆ. ಇಂಗ್ಲಿಷಿನ ‘ಸ್ಕೂಲ್’ ಈಗ ಮುಗ್ಗರಿಸುತ್ತದೆ. ಆ ರೂಪದಲ್ಲಿ ಪ್ರತಿಯೊಂದು ಇಂಗ್ಲಿಷ್ ಅಕ್ಷರದ ಜೊತೆಗೆ ಒಂದು ಸೊನ್ನೆಯ ಬೈಟು ಇರುವುದರಿಂದ ಮೊದಲ ಅಕ್ಷರ ಮುಗಿಯುತ್ತಲೇ ಎಣಿಕೆ ನಿಂತು ಉತ್ತರ 1 ಆಗುತ್ತದೆ. ಯುಟಿಎಫ್ 8 ಎಂದು ಸೂಚಿಸಿದರೆ ‘ಕನ್ನಡ’ಕ್ಕೆ 15. ಡಾಟ್ ನೆಟ್ಟನ್ನು ಲಿನಕ್ಸಿನಲ್ಲಿ ನಡೆಸಿದಾಗ ಆನ್ಸಿ ಎಂಬ ಮಾತಿಗೆ ಯುಟಿಎಫ್ 8 ಎಂದೇ ಅರ್ಥವಾಗಿರುವುದರಿಂದ, ಏನನ್ನೂ ಹೇಳದೆ ಬಿಟ್ಟ ಅದೇ ಘೋಷಣೆ ಅಲ್ಲಿ 15 ಎನ್ನುತ್ತದೆ. ಪ್ರೋಗ್ರಾಮಿನಲ್ಲಿ ಒಂದು ಚುಕ್ಕೆಯೂ ಬದಲಾಗಿಲ್ಲ. ಒಂದು ಗಣಕದಲ್ಲಿ ಹೆಸರು ಉಳಿಯಿತು, ಇನ್ನೊಂದರಲ್ಲಿ ಅಳಿಯಿತು.

ಆನ್ಸಿಯನ್ನೇ ತಾನಾಗಿ ಹಿಡಿಯುವ ಈ ನಿಯಮ ಏಕೆ ಬಂತು ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. 2002ರಲ್ಲಿ ವಿಂಡೋಸ್ 98 ಇನ್ನೂ ಬಳಕೆಯಲ್ಲಿತ್ತು, ಡಾಟ್ ನೆಟ್ ಅದರ ಮೇಲೂ ನಡೆಯಬೇಕಾಗಿತ್ತು. ಒಳಗೆಲ್ಲ ಯೂನಿಕೋಡನ್ನೇ ಬಳಸುವ ವಿಂಡೋಸ್ ಎನ್‌ಟಿ 1993ರಲ್ಲಿಯೇ ಬಂದಿದ್ದರೂ ವಿಂಡೋಸ್ 98ರ ವಂಶ ಮುಖ್ಯವಾಗಿ ಆನ್ಸಿಯದು. ಆದ್ದರಿಂದಲೇ ವಿಂಡೋಸಿನ ಎಷ್ಟೋ ಫಂಕ್ಷನ್ನುಗಳು ಜೋಡಿಯಾಗಿವೆ. ಸಂದೇಶ ತೋರಿಸುವ ಮೆಸೇಜ್‌ಬಾಕ್ಸ್ ಎಂಬುದು ವಾಸ್ತವವಾಗಿ ಎರಡು: ಕೊನೆಯಲ್ಲಿ ‘ಎ’ ಇರುವುದು ಆನ್ಸಿಗೆ, ‘ಡಬ್ಲ್ಯು’ ಇರುವುದು ಯೂನಿಕೋಡಿಗೆ. ಘೋಷಣೆಯಲ್ಲಿ ಮೌನವಾಗಿದ್ದರೆ ‘ಎ’ ಬರುತ್ತದೆ, ಸಂದೇಶದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ವಿಂಡೋಸ್ 98 ಮರೆಯಾಗಿ ಬಹಳ ಕಾಲವಾಯಿತು, ನಿಯಮ ಉಳಿಯಿತು.

ಪರಿಹಾರ ಕಷ್ಟದ್ದಲ್ಲ. ಲೈಬ್ರರಿಯ ಜೊತೆಗೆ ಬರುವ ಹೆಡರ್ ಕಡತವನ್ನೂ ಕೈಪಿಡಿಯನ್ನೂ ಓದಿ, ಅದು ಯಾವ ರೂಪದ ಪಠ್ಯವನ್ನು ಕೇಳುತ್ತದೆಂದು ತಿಳಿದು, ಅದನ್ನೇ ಘೋಷಣೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಆನ್ಸಿಯೇ ಅನಿವಾರ್ಯವಾದರೆ, ಪಟ್ಟಿಯಲ್ಲಿಲ್ಲದ ಸಂಕೇತ ಬಂದಾಗ ಪ್ರಶ್ನಾರ್ಥಕ ಚಿಹ್ನೆಯಿಡದೆ ದೋಷಸೂಚನೆ ಕೊಡು ಎಂಬ ಆಯ್ಕೆ ಡಿಎಲ್‌ಎಲ್ ಇಂಪೋರ್ಟಿನಲ್ಲಿಯೇ ಇದೆ. ಥ್ರೋ ಆನ್ ಅನ್‌ಮ್ಯಾಪಬಲ್ ಕ್ಯಾರ್ ಎಂಬ ಉದ್ದನೆಯ ಹೆಸರಿನ ಅದನ್ನು ಬಳಸುವವರು ಕಡಮೆ. ಆದರೆ ಹೆಸರು ಸದ್ದಿಲ್ಲದೆ ಅಳಿಯುವುದಕ್ಕಿಂತ ಪ್ರೋಗ್ರಾಮು ನಿಲ್ಲುವುದು ಮೇಲು. 2022ರಲ್ಲಿ ಬಂದ ಡಾಟ್ ನೆಟ್ 7ರಲ್ಲಿ ಲೈಬ್ರರಿ ಇಂಪೋರ್ಟ್ ಎಂಬ ಹೊಸ ಗುರುತು ಸೇರಿತು. ಅದರಲ್ಲಿ ಸ್ಟ್ರಿಂಗಿನ ರೂಪವನ್ನು ಹೇಳದೇ ಬಿಟ್ಟರೆ ಪ್ರೋಗ್ರಾಮು ಕಂಪೈಲೇ ಆಗದು. ಹೊಸದಾಗಿ ಕಲಿಸುವವರು ಅದರಿಂದಲೇ ಆರಂಭಿಸುವುದು ಒಳ್ಳೆಯದು.

ಯೂನಿಕೋಡಿಗಿಂತ ಹಿಂದಿನ ಕನ್ನಡ

ಗಡಿಯಾಚೆಯ ಲೈಬ್ರರಿಗೆ ಕನ್ನಡ ಗೊತ್ತಿದ್ದು, ಅದು ಯೂನಿಕೋಡಿನ ಕನ್ನಡವಾಗಿರದಿದ್ದರೆ? ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ರೂಪುಗೊಂಡ ಇಸ್ಕಿ ಮಾನಕದಲ್ಲಿ ಪ್ರತಿ ಸಂಕೇತಕ್ಕೆ ಒಂದು ಬೈಟು. ಎಲ್ಲ ಲಿಪಿಗಳಿಗೂ ಪಟ್ಟಿ ಒಂದೇ: 179 ಎಂಬ ಬೈಟು ಕನ್ನಡದಲ್ಲಿ ಕ, ತೆಲುಗಿನಲ್ಲಿಯೂ ಮಲಯಾಳದಲ್ಲಿಯೂ ದೇವನಾಗರಿಯಲ್ಲಿಯೂ ಆಯಾ ಲಿಪಿಯ ಕ. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದನ್ನು ಹೊರಗಿನಿಂದ ಹೇಳಬೇಕು. ಹಲವು ಲಿಪಿಗಳ ನಡುವೆ ಬಾಳುವವರಿಗೆ ಮೆಚ್ಚುಗೆಯಾಗುವ ಏರ್ಪಾಡು ಅದು. ಅದರಲ್ಲಿ ‘ಕನ್ನಡ’ಕ್ಕೆ ಐದು ಬೈಟುಗಳು, ಸ್ಟ್ರ್‌ಲೆನ್ನಿನ ಉತ್ತರ ಮತ್ತೆ 5. ಪ್ರಶ್ನಾರ್ಥಕ ಚಿಹ್ನೆಗಳ 5 ಅಲ್ಲ, ನಿಜವಾದ ಪದದ 5.

ಇಸ್ಕಿಯಲ್ಲಿ ಕೆಲಸ ಮಾಡುವ ಹಳೆಯ ಲೈಬ್ರರಿಯನ್ನು ಕರೆಯುವಾಗ ಮಾರ್ಷಲರಿನ ಕೈಗೆ ಸ್ಟ್ರಿಂಗನ್ನು ಒಪ್ಪಿಸಲೇಬಾರದು. ಈಚೆಯಲ್ಲಿಯೇ ಪದವನ್ನು ಇಸ್ಕಿ ಬೈಟುಗಳಿಗೆ ಬದಲಿಸಿ, ಕೊನೆಗೆ ಒಂದು ಸೊನ್ನೆ ಸೇರಿಸಿ, ಬೈಟುಗಳ ಸಾಲೆಂದೇ ಘೋಷಿಸಿ ಕಳುಹಿಸಬೇಕು. ವಿಂಡೋಸಿನಲ್ಲಿ ಕನ್ನಡ ಇಸ್ಕಿಗೆ 57008 ಎಂಬ ಪಟ್ಟಿಸಂಖ್ಯೆಯಿದೆ. ಡಾಟ್ ನೆಟ್ ಫ್ರೇಮ್‌ವರ್ಕ್ ಅದನ್ನು ಬಲ್ಲದು. ಫಾಂಟಿನ ಆಕಾರಗಳನ್ನೇ ಬೈಟುಗಳನ್ನಾಗಿ ಮಾಡಿಕೊಂಡಿದ್ದ ಹಳೆಯ ಕನ್ನಡ ಬರಹಗಳಿಗೂ ಇದೇ ಕ್ರಮ: ಬೈಟುಗಳು ಬೈಟುಗಳಾಗಿಯೇ ದಾಟಲಿ, ಅರ್ಥ ಹೇಳುವ ಕೆಲಸ ಗೊತ್ತಿದ್ದವನ ಕೈಯಲ್ಲಿರಲಿ.

ಹೆಸರಿಗೆ ಎಷ್ಟು ಜಾಗ?

ಹಳೆಯ ಲೈಬ್ರರಿಗಳಲ್ಲಿ ಹೆಸರಿಗೆಂದು ನಿಶ್ಚಿತ ಗಾತ್ರದ ಜಾಗವಿಡುವ ಪದ್ಧತಿಯಿತ್ತು. 30 ಬೈಟುಗಳ ಜಾಗವೆಂದು ಭಾವಿಸೋಣ. ಇಂಗ್ಲಿಷಿನಲ್ಲಿ ಬರೆದ ‘ಲಕ್ಷ್ಮೀನಾರಾಯಣ’ ಹದಿನೈದು ಅಕ್ಷರ. ಕೊನೆಯ ಸೊನ್ನೆಯೂ ಸೇರಿ 16 ಬೈಟುಗಳಲ್ಲಿ ಹಾಯಾಗಿ ಕೂರುತ್ತದೆ. ಕನ್ನಡದಲ್ಲಿ ಬರೆದರೆ ಕಣ್ಣಿಗೆ ಆರೇ ಅಕ್ಷರ. ಬಿಡಿಸಿದರೆ ಲ, ಕ, ಹಲಂತ, ಷ, ಹಲಂತ, ಮ, ಈಕಾರ, ನ, ಆಕಾರ, ರ, ಆಕಾರ, ಯ, ಣ ಎಂದು ಹದಿಮೂರು ಸಂಕೇತಗಳು. ಯುಟಿಎಫ್ 8ರಲ್ಲಿ 39 ಬೈಟು, ಸೊನ್ನೆ ಸೇರಿ 40. ಜಾಗ ಮೂವತ್ತೇ.

ಆಗ ಎರಡರಲ್ಲಿ ಒಂದು ನಡೆಯುತ್ತದೆ. ಲೈಬ್ರರಿ ಎಚ್ಚರದ್ದಾಗಿದ್ದರೆ 29 ಬೈಟುಗಳಿಗೆ ಕತ್ತರಿಸುತ್ತದೆ: ‘ಲಕ್ಷ್ಮೀನಾ’ ಎಂಬಲ್ಲಿಗೆ 27 ಬೈಟು ಮುಗಿದು, ‘ರ’ಕಾರದ ಮೂರು ಬೈಟುಗಳಲ್ಲಿ ಎರಡು ಮಾತ್ರ ಉಳಿದು, ತೆರೆಯ ಮೇಲೆ ಒಂದು ಮುರುಕು ಚಿಹ್ನೆ ಕಾಣುತ್ತದೆ. ಎಚ್ಚರವಿಲ್ಲದ್ದಾದರೆ ನಲವತ್ತನ್ನೂ ಬರೆದು, ಪಕ್ಕದ ಹತ್ತು ಬೈಟುಗಳಲ್ಲಿ ಏನಿತ್ತೋ ಅದನ್ನು ಅಳಿಸಿಹಾಕುತ್ತದೆ. ಅಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಅಂಕಗಳು ಇದ್ದಿರಬಹುದು. ಆಚೆಯಲ್ಲಿ ನಡೆದದ್ದನ್ನು ಮೇಲ್ವಿಚಾರಣಾ ವ್ಯವಸ್ಥೆ ಕಾಣದು. ಅದರ ರಕ್ಷಣೆ ಗಡಿಯವರೆಗೆ ಮಾತ್ರ. ಆದ್ದರಿಂದ ಜಾಗವನ್ನು ಕೊಡುವಾಗ ಅದರ ಗಾತ್ರವನ್ನೂ ಲೈಬ್ರರಿಗೆ ತಿಳಿಸಬೇಕು, ಆ ಗಾತ್ರ ಬೈಟುಗಳ ಲೆಕ್ಕವೋ ಸಂಕೇತಗಳ ಲೆಕ್ಕವೋ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಎರಡೂ ಬಗೆಯ ಫಂಕ್ಷನ್ನುಗಳಿವೆ.

ಉಳಿದ ಎಚ್ಚರಿಕೆಗಳು

ಪಠ್ಯದ ಹೊರತಾಗಿಯೂ ಗಡಿಯಲ್ಲಿ ಎಡವುವ ಜಾಗಗಳಿವೆ. ಸಂಖ್ಯೆಯ ಗಾತ್ರ ಅವುಗಳಲ್ಲಿ ಒಂದು. ಸಿ ಶಾರ್ಪಿನ ‘ಲಾಂಗ್’ ಯಾವಾಗಲೂ 64 ಬಿಟ್. ಸಿ ಭಾಷೆಯ ‘ಲಾಂಗ್’ ವಿಂಡೋಸಿನಲ್ಲಿ 32, 64 ಬಿಟ್ಟಿನ ಲಿನಕ್ಸಿನಲ್ಲಿ 64. ಹೆಸರು ಒಂದೇ ಎಂದು ನಂಬಿದವನು ಕೆಡುತ್ತಾನೆ. ಹೌದು–ಅಲ್ಲ ಎಂದು ಹೇಳುವ ‘ಬೂಲ್’ ಕೂಡ ಹಾಗೆಯೇ: ವಿಂಡೋಸಿನ ಹಳೆಯ ಫಂಕ್ಷನ್ನುಗಳಲ್ಲಿ ಅದಕ್ಕೆ ನಾಲ್ಕು ಬೈಟು, ಸಿ ಪ್ಲಸ್ ಪ್ಲಸ್ಸಿನಲ್ಲಿ ಸಾಮಾನ್ಯವಾಗಿ ಒಂದು. ಏನನ್ನೂ ಹೇಳದಿದ್ದರೆ ಡಾಟ್ ನೆಟ್ ನಾಲ್ಕೆಂದು ತಿಳಿಯುತ್ತದೆ. ಉಳಿದ ಮೂರು ಬೈಟುಗಳಲ್ಲಿ ಕಸವಿದ್ದರೆ ‘ಅಲ್ಲ’ ಎಂಬ ಉತ್ತರ ‘ಹೌದು’ ಆಗಿ ಬರುತ್ತದೆ.

32 ಬಿಟ್ಟಿನ ಲೈಬ್ರರಿಯನ್ನು 64 ಬಿಟ್ಟಿನ ಪ್ರೋಗ್ರಾಮಿನೊಳಗೆ ತರಲು ಸಾಧ್ಯವೇ ಇಲ್ಲ. ಇದರಲ್ಲಿ ಸಮಾಧಾನದ ಸಂಗತಿಯೆಂದರೆ ದೋಷ ಕೂಡಲೇ ಗೊತ್ತಾಗುತ್ತದೆ. ಲೈಬ್ರರಿಯ ಮೂಲ ದೊರೆಯದಿದ್ದರೆ ಪ್ರೋಗ್ರಾಮನ್ನೇ 32 ಬಿಟ್ಟಿಗೆ ಕಟ್ಟುವುದು ಸುಲಭದ ದಾರಿ. ಅಂಥ 32 ಬಿಟ್ ವಿಂಡೋಸ್ ಪ್ರೋಗ್ರಾಮುಗಳಲ್ಲಿ ಇನ್ನೊಂದು ತೊಡಕು: ಕರೆ ಮುಗಿದ ಮೇಲೆ ಸ್ಟ್ಯಾಕನ್ನು ಯಾರು ತೆರವು ಮಾಡಬೇಕು, ಕರೆದವನೋ ಕರೆಸಿಕೊಂಡವನೋ ಎಂಬ ಬಗ್ಗೆ ಎರಡು ಸಂಪ್ರದಾಯಗಳಿವೆ. ಸಿ ಭಾಷೆಯ ಮೂಲ ಲೈಬ್ರರಿಯದು ಸಿ‌ಡೆಕ್ಲ್, ಕರೆದವನೇ ತೆರವು ಮಾಡಬೇಕು. ವಿಂಡೋಸಿನ ಹೆಚ್ಚಿನ ಫಂಕ್ಷನ್ನುಗಳದು ಸ್ಟ್ಯಾಂಡರ್ಡ್ ಕಾಲ್, ಕರೆಸಿಕೊಂಡವನೇ ತೆರವು ಮಾಡುತ್ತಾನೆ. ಊಟವಾದ ಮೇಲೆ ಎಲೆ ಎತ್ತುವವರು ಯಾರೆಂದು ಮೊದಲೇ ಮಾತಾಗಿರಬೇಕು.

ಮೆಮೊರಿಯ ಒಡೆತನ ಇನ್ನೂ ಗಂಭೀರ. ಹಳೆಯ ಫಂಕ್ಷನ್ನು ಪಠ್ಯವೊಂದನ್ನು ಹಿಂದಿರುಗಿಸುತ್ತದೆ ಎಂದುಕೊಳ್ಳೋಣ. ಘೋಷಣೆಯಲ್ಲಿ ಹಿಂದಿರುಗುವುದು ಸ್ಟ್ರಿಂಗ್ ಎಂದು ಬರೆದರೆ, ಮಾರ್ಷಲರ್ ಅದನ್ನು ನಕಲು ಮಾಡಿಕೊಂಡು ಮೂಲದ ಜಾಗವನ್ನು ತಾನೇ ತೆರವು ಮಾಡಿಬಿಡುತ್ತದೆ. ಆ ಜಾಗ ಲೈಬ್ರರಿಯದು. ಲೈಬ್ರರಿ ಅದನ್ನು ಮತ್ತೆ ಬಳಸಬೇಕೆಂದಿತ್ತೋ ಏನೋ. ಇಂಥಲ್ಲಿ ಹಿಂದಿರುಗುವುದು ವಿಳಾಸ ಮಾತ್ರ ಎಂದು ಘೋಷಿಸಿ, ಪಠ್ಯವನ್ನು ನಕಲು ಮಾಡಿಕೊಂಡು, ತೆರವು ಮಾಡಬೇಕಾದರೆ ಆ ಲೈಬ್ರರಿ ಅದಕ್ಕಾಗಿಯೇ ಕೊಟ್ಟಿರುವ ಫಂಕ್ಷನ್ನನ್ನು ಕರೆಯಬೇಕು. ಹಾಗೆಯೇ ‘ಕೆಲಸ ಮುಗಿದಾಗ ಈ ಫಂಕ್ಷನ್ನನ್ನು ಕರೆ’ ಎಂದು ಸಿ ಶಾರ್ಪಿನದೊಂದು ಫಂಕ್ಷನ್ನನ್ನು ಲೈಬ್ರರಿಯ ಕೈಗೆ ಕೊಟ್ಟಾಗ, ಈಚೆಯಲ್ಲಿ ಅದರ ಗುರುತನ್ನು ಉಳಿಸಿಕೊಂಡಿರಬೇಕು. ಇಲ್ಲದಿದ್ದರೆ ಯಾರಿಗೂ ಬೇಡವೆಂದು ತಿಳಿದು ಮೇಲ್ವಿಚಾರಣಾ ವ್ಯವಸ್ಥೆ ಅದನ್ನು ಗುಡಿಸಿಹಾಕುತ್ತದೆ. ಲೈಬ್ರರಿ ಕರೆದಾಗ ಅಲ್ಲಿ ಯಾರೂ ಇರುವುದಿಲ್ಲ.

ತರಗತಿಯಲ್ಲಿ

ಸಿ ಶಾರ್ಪ್ ಇಲ್ಲದ ಶಾಲೆಗಳಲ್ಲಿ ಈ ಪಾಠ ನಿಲ್ಲಬೇಕಾಗಿಲ್ಲ. ಕಾಸರಗೋಡಿನ ಶಾಲೆಗಳಲ್ಲಿರುವಂತೆ ಲಿನಕ್ಸ್ ಮತ್ತು ಪೈಥಾನ್ ಇದ್ದರೆ ಸಾಕು. ಪೈಥಾನಿನ ಜೊತೆಗೇ ಬರುವ ಸಿಟೈಪ್ಸ್ ಎಂಬ ಮಾಡ್ಯೂಲಿನ ಸಿಡಿಎಲ್‌ಎಲ್ ಮೂಲಕ ‘ಲಿಬ್‌ಸಿ ಡಾಟ್ ಎಸ್‌ಒ ಡಾಟ್ 6’ ಎಂಬ ಕಡತವನ್ನು ತೆರೆದರೆ ಸ್ಟ್ರ್‌ಲೆನ್ ಕೈಗೆ ಸಿಗುತ್ತದೆ. ನಾಲ್ಕು ಸಾಲಿನ ಪ್ರೋಗ್ರಾಮು, ಒಂದು ಅವಧಿಯ ಪಾಠ.

ಮೊದಲು ವಿದ್ಯಾರ್ಥಿಗಳು ಉತ್ತರವನ್ನು ಊಹಿಸಿ ಬರೆದಿಡಲಿ. ಬಳಿಕ ‘ಕನ್ನಡ’ ಪದವನ್ನು ಹಾಗೆಯೇ ಕೊಟ್ಟು ಕರೆಯಲಿ. ಬರುವ ಉತ್ತರ 2. ಪೈಥಾನ್ ಸ್ಟ್ರಿಂಗನ್ನು ಸಂಕೇತಕ್ಕೆ ನಾಲ್ಕು ಬೈಟಿನ ರೂಪದಲ್ಲಿ ದಾಟಿಸುತ್ತದೆ. ‘ಕ’ದ ನಾಲ್ಕು ಬೈಟುಗಳು 149, 12, 0, 0. ಎರಡು ಬೈಟು ಕಳೆದೊಡನೆ ಸೊನ್ನೆ ಸಿಕ್ಕಿ ಎಣಿಕೆ ನಿಂತಿತು. ವಿಂಡೋಸ್ ಗಣಕವಿದ್ದು ಅಲ್ಲಿಯ ಎಂಎಸ್‌ವಿಸಿಆರ್‌ಟಿ ಲೈಬ್ರರಿಯ ಮೇಲೆ ಇದನ್ನೇ ಮಾಡಿದರೆ ಉತ್ತರ 10. ಪದವನ್ನು ಯುಟಿಎಫ್ 8 ಬೈಟುಗಳಾಗಿ ಬದಲಿಸಿ ಕೊಟ್ಟರೆ ಎರಡೂ ಕಡೆ 15. ಈ ಸಂಖ್ಯೆಗಳು ಹೇಗೆ ಬಂದವೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಿ ತೋರಿಸಬೇಕು.

ಎರಡನೆಯ ಹಂತದಲ್ಲಿ, ಸ್ಟ್ರ್‌ಲೆನ್ ಕೇಳುವುದು ಬೈಟುಗಳ ಸಾಲನ್ನು ಎಂದು ಆರ್ಗ್‌ಟೈಪ್ಸ್ ಮೂಲಕ ಘೋಷಿಸಿ ಮತ್ತೆ ‘ಕನ್ನಡ’ ಪದವನ್ನು ಹಾಗೆಯೇ ಕೊಡಲಿ. ಈ ಬಾರಿ ತಪ್ಪು ಉತ್ತರ ಬರುವುದಿಲ್ಲ, ಉತ್ತರವೇ ಬರುವುದಿಲ್ಲ: ಬೈಟುಗಳು ಬೇಕಾಗಿದ್ದವು, ಸ್ಟ್ರಿಂಗ್ ಬಂದಿದೆ ಎಂದು ಪೈಥಾನ್ ನಿಲ್ಲಿಸುತ್ತದೆ. ಘೋಷಣೆಯ ಮೊದಲು ಮತ್ತು ಅನಂತರ ಕಂಡದ್ದನ್ನು ಅಕ್ಕಪಕ್ಕದಲ್ಲಿ ಬರೆಸಿದರೆ ಪಾಠದ ಅರ್ಧ ಅಲ್ಲಿಯೇ ಮುಗಿಯುತ್ತದೆ.

ಮೂರನೆಯದು ಗುರುತಿಸುವ ಅಭ್ಯಾಸ. ಗಡಿ ದಾಟಿದ ಪಠ್ಯದ ಮೊದಲ ಬೈಟನ್ನು ಮಾತ್ರ ಕೊಟ್ಟು, ಯಾವ ರೂಪದಲ್ಲಿ ದಾಟಿತೆಂದು ಕೇಳಬೇಕು. ಪದ ‘ಕನ್ನಡ’ವೇ ಆಗಿರಲಿ. 224 ಆದರೆ ಯುಟಿಎಫ್ 8. 149 ಆದರೆ ಯುಟಿಎಫ್ 16 ಇಲ್ಲವೇ ನಾಲ್ಕು ಬೈಟಿನ ರೂಪ, ಮೂರನೆಯ ಬೈಟನ್ನು ಕೇಳಿ ತೀರ್ಮಾನಿಸಬೇಕು. 179 ಆದರೆ ಇಸ್ಕಿ. ಮೊದಲ ಬೈಟು 63 ಆದರೆ ಅದು ಪ್ರಶ್ನಾರ್ಥಕ ಚಿಹ್ನೆ. ಮೂಲಪದ ಯಾವುದಿತ್ತೆಂದು ಅಲ್ಲಿಂದ ಹೇಳಲು ಬಾರದು. ಪ್ರತಿ ವಿದ್ಯಾರ್ಥಿಯೂ ತನ್ನ ಹೆಸರಿನ ಕಣ್ಣಿಗೆ ಕಾಣುವ ಅಕ್ಷರಗಳು, ಯೂನಿಕೋಡ್ ಸಂಕೇತಗಳು, ಯುಟಿಎಫ್ 8 ಬೈಟುಗಳು ಎಷ್ಟೆಂದು ಎಣಿಸಿ, ಮೊದಲೆರಡನ್ನು ಕೈಯಿಂದಲೂ ಮೂರನೆಯದನ್ನು ಸ್ಟ್ರ್‌ಲೆನ್ನಿನಿಂದಲೂ ಪಡೆದು, 30 ಬೈಟುಗಳ ಜಾಗದಲ್ಲಿ ತನ್ನ ಹೆಸರು ಎಲ್ಲಿಯವರೆಗೆ ಉಳಿಯುತ್ತದೆಂದು ಬರೆದು ತರುವುದು ಮನೆಗೆಲಸ.